ಕೆರೆಯೊಳಗಿನ ಪ್ರೆಸ್ಸು

ತನ್ನ ಕೆಲಸ ಹೋಯಿತೆಂಬ ಸುದ್ದಿ ಪ್ರೂಫಣ್ಣನಿಗೆ ತಲುಪಿದ್ದು ಇಡೀ ಬೀದಿಯಲ್ಲಿ ಎಲ್ಲರಿಗಿಂತ ಕೊನೆಗೆ, ಅದೂ ಬಾಯಿತುಂಬ ಟೂತ್‌ಪೇಸ್ಟಿನ ನೊರೆ ಇದ್ದಾಗ.

ವಾಶ್‌ಬೇಸಿನ್ನಿನ ಮೇಲಿದ್ದ ಸಣ್ಣ ಕಿಟಕಿ ಮೆಟ್ಟಿಲಿನ ಕಡೆಗೆ ತೆರೆದುಕೊಳ್ಳುತ್ತಿತ್ತು. ಅದರಲ್ಲಿ ಮೇಲ್ಮನೆಯ ಅತ್ತೆಯ ಮುಖ ಚೌಕಟ್ಟು ಹಾಕಿಸಿದ ಫೋಟೋದಂತೆ ಕಾಣಿಸಿಕೊಂಡಿತು. ಆಕೆ ಯಾರಿಗೂ ಅತ್ತೆಯಲ್ಲ, ಆದ್ದರಿಂದ ಎಲ್ಲರಿಗೂ ಅತ್ತೆ. ಬೆನ್ನ ಹಿಂದೆ ಬೀದಿಯವರು ಕರೆಯುತ್ತಿದ್ದುದು ಡಂಗುರದತ್ತೆ ಎಂದು.

"ಹಲ್ಲುಜ್ತಾ ಇದೀಯೇನಪ್ಪಾ? ಉಜ್ಜು ಉಜ್ಜು. ಕೆಲ್ಸ ಹೋದ್ರೂ ಹಲ್ಲಾದ್ರೂ ಗಟ್ಟಿ ಇರ್ಬೇಕಲ್ಲ."

"ಯಾ ಕೆಯ್ಸ?" ಎಂದ ಪ್ರೂಫಣ್ಣ ನೊರೆಯ ಮೂಲಕ.

"ನಿಂದೇನಪ್ಪಾ! ನಿಮ್ಮ ಪ್ರೆಸ್ಸು ಮುಚ್ಚೋಯ್ತಂತಲ್ಲ. 'ಊರ ಕಿವಿ'ಲಿ ಬಂದಿದೆ. ನಿಂಗೆ ಗೊತ್ತಿಲ್ವಾ? ಅಯ್ಯೋ, ಮನೆ ಯಜಮಾನನಿಗೇ ಗೊತ್ತಿಲ್ದೆ ಮನೆ ಬಿದ್ದೋಯ್ತಾ!" ಎನ್ನುತ್ತ ಆಕೆ ಮುಂದಿನ ಮನೆಗೆ ಹೋಗಲು ಮೆಟ್ಟಿಲಿಳಿದಳು. ಆಕೆಯ ಚಪ್ಪಲಿಯ ಸದ್ದಿನಲ್ಲೇ ಒಂದು ಉತ್ಸಾಹವಿತ್ತು.

ಪ್ರೂಫಣ್ಣ ನೊರೆಯನ್ನು ಉಗುಳಬೇಕಾದಲ್ಲಿ ನುಂಗಿದ.

ಅವನು ಊರಿನ ಹಳೆಯ ಪ್ರೆಸ್ಸೊಂದರಲ್ಲಿ ಕರಡು ತಿದ್ದುವವನು. ಅಚ್ಚಿಗೆ ಹೋಗುವ ಮುನ್ನ ಪ್ರತಿ ಹಾಳೆಯನ್ನೂ ಗಿರಾಕಿ ಬರೆದುಕೊಟ್ಟ ಮೂಲಪ್ರತಿಯ ಪಕ್ಕದಲ್ಲಿಟ್ಟು, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿ, ಸರಿಯಿದ್ದರೆ ಮಾತ್ರ ಸಹಿ ಹಾಕುವುದು ಅವನ ಕೆಲಸ. ಮೂಲಪ್ರತಿ ಇಲ್ಲದಿದ್ದರೆ ಸಾಕ್ಷಾತ್ ಯಜಮಾನರೇ ಹೇಳಿದರೂ ಸಹಿ ಬೀಳುತ್ತಿರಲಿಲ್ಲ. ಈ ಅಭ್ಯಾಸ ಪ್ರೆಸ್ಸಿನ ಬಾಗಿಲಲ್ಲಿ ನಿಲ್ಲದೆ ಅವನ ಜೊತೆ ಮನೆಗೂ ಬಂದಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ, "ನಮ್ಮಮ್ಮ ನಿಮ್ಮನ್ನ ತುಂಬಾ ಹೊಗಳಿದ್ರು" ಎಂದು ನಾಚಿಕೊಂಡು ಹೇಳಿದಾಗ, "ನಿನಗೇ ಹೇಳಿದ್ರಾ, ಇಲ್ಲಾ ಬೇರೆ ಯಾರ ಬಾಯಿಂದಾದ್ರೂ ಬಂತಾ?" ಎಂದು ಕೇಳಿದ್ದ. ಆಮೇಲೆ ಅತ್ತೆ ಹೊಗಳಿದ ಸುದ್ದಿ ಮತ್ತೆಂದೂ ಬರಲಿಲ್ಲ.

ಮುಖ ಒರೆಸಿಕೊಳ್ಳುವುದನ್ನೂ ಮರೆತು ಅವನು ಫೋನು ತೆಗೆದ. 'ಊರ ಕಿವಿ' ಎಂಬುದು ಊರಿನ ಸುದ್ದಿಯನ್ನೆಲ್ಲ ಹಾಕುವ ಪುಟ. ನಾಯಿ ಕಳೆದುಹೋದದ್ದು, ನಲ್ಲಿಯಲ್ಲಿ ನೀರು ಬಾರದ್ದು, ಯಾರದೋ ಮನೆಯ ಪಾಯಿಖಾನೆಯಲ್ಲಿ ಹಾವು ಕಂಡದ್ದು ಎಲ್ಲ ಅಲ್ಲಿ ಬರುತ್ತಿತ್ತು. ಇಂದು ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: 'ಕೆರೆ ದಂಡೆಯ ಹಳೆಯ ಮುದ್ರಣಾಲಯಕ್ಕೆ ಶಾಶ್ವತ ಬೀಗ! ಒಂದು ಯುಗಾಂತ್ಯ!' ಕೆಳಗೆ ಛಾವಣಿ ಕುಸಿದು, ಕಿಟಕಿಯಲ್ಲಿ ಗಿಡ ಬೆಳೆದ ಯಾವುದೋ ದೇಶದ ಯಾವುದೋ ಕಟ್ಟಡದ ಚಿತ್ರ. ಅದರ ಕೆಳಗೆ ಪ್ರೆಸ್ಸಿನ ಹೆಸರು, ಯಜಮಾನರ ಹೆಸರು ಸ್ಪಷ್ಟವಾಗಿದ್ದವು. ಅದರ ಕೆಳಗೆ 'ತುಂಬಲಾರದ ನಷ್ಟ', 'ತುಂಬಲಾರದ ನಷ್ಟ', 'ತುಂಬಲಾರದ ನಷ್ಟ' ಎಂದು ಊರಿನ ಜನ ಸಾಲಾಗಿ ನಿಂತು ನಷ್ಟವನ್ನು ತುಂಬುತ್ತಿದ್ದರು.

ಯಜಮಾನರಿಗೆ ಫೋನು ಮಾಡಿದ. ಅವರು ಬೇರೆ ಕರೆಯಲ್ಲಿದ್ದರು. ಮತ್ತೆ ಮಾಡಿದ. ಮತ್ತೂ ಬೇರೆ ಕರೆಯಲ್ಲೇ ಇದ್ದರು.

ಬೇರೆ ದಿನವಾಗಿದ್ದರೆ ಪ್ರೂಫಣ್ಣ ಇಷ್ಟು ಚಡಪಡಿಸುತ್ತಿರಲಿಲ್ಲ. ಆದರೆ ಇವತ್ತು ಅವನು ಒಂದು ಮಾತು ಹೇಳಬೇಕಿತ್ತು. ಊರಾಚೆಯ ಔಷಧಿ ಕಾರ್ಖಾನೆಯವರು ಬಾಟಲಿಯ ಲೇಬಲ್ಲುಗಳನ್ನು ತಿದ್ದುವ ಕೆಲಸಕ್ಕೆ ಅವನನ್ನು ಕರೆದಿದ್ದರು. ಹೂಂ ಅನ್ನುತ್ತಾನೋ ಊಹೂಂ ಅನ್ನುತ್ತಾನೋ ಇವತ್ತು ಸಂಜೆ ಆಫೀಸು ಮುಚ್ಚುವುದರೊಳಗೆ ತಿಳಿಸಬೇಕು, ಆಮೇಲೆ ಕಾಯುವುದಿಲ್ಲ ಎಂದಿದ್ದರು. ಊಹೂಂ ಎನ್ನುವುದೆಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಅಲ್ಲಿ ಅಕ್ಷರಗಳು ಸಾಸಿವೆಕಾಳಿನಷ್ಟು, ಮೇಲ್ವಿಚಾರಕನ ಕಣ್ಣುಗಳು ತಟ್ಟೆಯಷ್ಟು. ಇಲ್ಲಿ ಪ್ರೆಸ್ಸಿನಲ್ಲಿ ಕಿಟಕಿ ಪಕ್ಕ ಕುರ್ಚಿ, ಬೇಕೆಂದಾಗ ಟೀ, ಮನೆಯಿಂದ ನಡೆದು ಹೋಗುವಷ್ಟು ದಾರಿ. ಆದರೆ ಪ್ರೆಸ್ಸೇ ಮುಚ್ಚಿದ್ದರೆ? ಕರಡು ತಿದ್ದುವವನಿಗೆ ಇಡೀ ಊರಿನಲ್ಲಿ ಉಳಿಯುವ ಕೆಲಸ ಅದೊಂದೇ.

"ರೀ, ಸುಮ್ನೆ ಫೋನ್ ಮಾಡಿ ಹೂಂ ಅಂದ್ಬಿಡಿ" ಎಂದಳು ಹೆಂಡತಿ, ಕೆಲಸಕ್ಕೆ ಹೊರಡಲು ಚೀಲ ಹೆಗಲಿಗೇರಿಸುತ್ತ. ಅವಳು ಹಲ್ಲಿನ ಆಸ್ಪತ್ರೆಯೊಂದರಲ್ಲಿ ಮುಂದಿನ ಮೇಜಿನ ಹಿಂದೆ ಕುಳಿತು ಬಂದವರ ಹೆಸರು ಕೂಗುವವಳು.

"ಸುದ್ದಿ ನಿಜವೋ ಸುಳ್ಳೋ ತಿಳೀದೆ ಹೆಂಗೆ ಹೂಂ ಅನ್ನೋದು?"

"ಬೆಂಕಿ ಇಲ್ದೆ ಹೊಗೆ ಆಡುತ್ತಾ?"

"ಹೊಗೆ ಅಂತ ನಿಂಗೆ ಹೇಳಿದ್ಯಾರು? ಮಂಜೂ ಹಂಗೇ ಕಾಣುತ್ತೆ."

"ಮಂಜೋ ಹೊಗೆಯೋ, ಸಂಜೆಯೊಳಗೆ ನಮ್ಮನೆ ಒಲೆ ಉರಿಯುತ್ತಾ ಇಲ್ವಾ ಅಷ್ಟು ಹೇಳಿ" ಎಂದು ಅವಳು ಬಾಗಿಲೆಳೆದುಕೊಂಡು ಹೋದಳು.

ಪ್ರೂಫಣ್ಣ ಅಲ್ಲೇ ನಿಂತು ಯೋಚಿಸಿದ. ಒಂದು ಸುದ್ದಿ ಸರಿಯೋ ತಪ್ಪೋ ನೋಡಬೇಕಾದರೆ ಬೇರೆ ಕಡೆಯಲ್ಲೂ ಕೇಳಬೇಕು. ಬೀದಿಯವರದೊಂದು ಗುಂಪು ಫೋನಿನಲ್ಲಿತ್ತು. ಅದಕ್ಕೆ ಅವನು ಅಳೆದು ತೂಗಿ, ಒಂದು ಅಲ್ಪವಿರಾಮವೂ ತಪ್ಪದಂತೆ ಬರೆದ: 'ನಾನು ಕೆಲಸ ಮಾಡುವ ಪ್ರೆಸ್ ಶಾಶ್ವತವಾಗಿ ಮುಚ್ಚಿದೆಯೆಂದು ಓದಿದೆ. ಇದು ನಿಜವೇ? ಮೂಲ ತಿಳಿದವರು ದಯವಿಟ್ಟು ತಿಳಿಸಿ.'

ತಕ್ಷಣ ಕೈಮುಗಿದ ಚಿತ್ರಗಳು ಮಳೆಹುಳುಗಳಂತೆ ಬಂದು ಮುತ್ತಿದವು. 'ಧೈರ್ಯ ತಂದುಕೊಳ್ಳಿ.' 'ಒಂದು ಬಾಗಿಲು ಮುಚ್ಚಿದರೆ ದೇವರು ಕಿಟಕಿಯಾದರೂ ತೆಗೆಯುತ್ತಾನೆ.' 'ಅಣ್ಣಾ, ನಮ್ಮ ಅಂಗಡಿಗೆ ಲೆಕ್ಕ ಬರೆಯೋರು ಬೇಕಾಗಿಲ್ಲ, ಬೇಕಾದಾಗ ಹೇಳ್ತೀನಿ.' ಒಬ್ಬರು ತಮ್ಮ ಹಳೆಯ ಸೋಫಾ ಮಾರಾಟಕ್ಕಿದೆ ಎಂದರು. ಇನ್ನೊಬ್ಬರು ಇವತ್ತು ನೀರು ಬರುತ್ತಾ ಎಂದು ಕೇಳಿದರು. ಕೇಳಿದ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಹೇಳಲಿಲ್ಲ.

ಅವನು ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ 'ಝಟ್‌ಪಟ್ ಸುದ್ದಿ' ಎಂಬ ಇನ್ನೊಂದು ಪುಟ ಎದ್ದು ಕೂತಿತು: 'ಕೆರೆ ದಂಡೆಯ ಪ್ರೆಸ್ ಶಾಶ್ವತವಾಗಿ ಮುಚ್ಚಿದೆ: ಒಳಗಿನವರಿಂದಲೇ ಖಚಿತ! ಬೀದಿಪಾಲಾದ ನೌಕರನ ಅಳಲು!' ಅವನ ಪ್ರಶ್ನೆಯಿಂದ 'ಇದು ನಿಜವೇ' ಎಂಬುದನ್ನು ಮೀನಿನ ಮುಳ್ಳಿನಂತೆ ತೆಗೆದು ಉಳಿದದ್ದನ್ನು ಬಡಿಸಿದ್ದರು.

ಗುಂಡಿಗಳನ್ನು ಒಂದೊಂದು ಮೇಲೆ ಕೆಳಗೆ ಹಾಕಿಕೊಂಡು ಪ್ರೂಫಣ್ಣ ಪ್ರೆಸ್ಸಿಗೆ ಓಡಿದ. ದಾರಿಯುದ್ದಕ್ಕೂ ಮುಳ್ಳುಬೇಲಿಯಲ್ಲಿ ಸಿಕ್ಕ ಪಂಚೆಯಂತೆ ಯಾರೋ ಒಬ್ಬರು ಅವನನ್ನು ಹಿಡಿದು ನಿಲ್ಲಿಸುತ್ತಿದ್ದರು. ಹಾಲಿನಂಗಡಿಯವನು, "ತಿಂಗಳ ಕೊನೆಗೆ ಬೇಡಣ್ಣ, ಇನ್ಮೇಲೆ ದಿನಾ ದಿನಾನೇ ಕೊಟ್ಬಿಡಿ" ಎಂದು ಪ್ರೀತಿಯಿಂದ ಹೇಳಿದ. ಕ್ಷೌರದಂಗಡಿಯವನು ಕತ್ತರಿ ಎತ್ತಿ ಹಿಡಿದು ಮೌನ ಆಚರಿಸಿದ. ಕುರ್ಚಿಯಲ್ಲಿದ್ದ ಗಿರಾಕಿ ಅರ್ಧ ತಲೆಯಲ್ಲೇ ಮೌನ ಆಚರಿಸಿದ.

ಪ್ರೆಸ್ಸಿನ ಷಟರು ಎಂದಿನಂತೆ ಮೇಲಿತ್ತು. ಒಳಗೆ ಮಷಿನ್ನು ಎಂದಿನಂತೆ ಕಟಕಟ ಎನ್ನುತ್ತಿತ್ತು. ಪ್ರೂಫಣ್ಣನಿಗೆ ಹೋದ ಜೀವ ಬಂದಂತಾಯಿತು. ಆದರೆ ಯಜಮಾನರ ಕುರ್ಚಿ ಖಾಲಿಯಿತ್ತು. ಅದರ ಮುಂದೆ ಇಬ್ಬರು ಗಿರಾಕಿಗಳು ಜಗಳಕ್ಕೆ ನಿಂತಿದ್ದರು. ಒಬ್ಬರು ಶಾಲೆಯ ಮಹಿಳಾ ಗುಮಾಸ್ತೆ, ಇನ್ನೊಬ್ಬರು ನಗೆಕೂಟದ ಕಾರ್ಯದರ್ಶಿ. ನಗೆಕೂಟದವರ ಮುಖದಲ್ಲಿ ನಗೆಯ ಸುಳಿವಿರಲಿಲ್ಲ.

"ನಮ್ಮ ಪ್ರಶ್ನೆಪತ್ರಿಕೆ ವಾಪಸ್ ಕೊಡಿ" ಎಂದರು ಗುಮಾಸ್ತೆ. "ಮುಚ್ಚಿದ ಪ್ರೆಸ್ಸಲ್ಲಿ ನಮ್ಮ ಪೇಪರ್ ಬಿಡೋಕಾಗಲ್ಲ."

"ಎಲ್ಲಿ ಮುಚ್ಚಿದೆ ಮೇಡಂ? ನೀವೇ ಒಳಗೆ ನಿಂತಿದೀರಲ್ಲ!" ಎಂದ ಪ್ರೂಫಣ್ಣ.

"ತೆರೆದಿರೋ ಹಾಗೆ ಕಾಣ್ಸುತ್ತೆ. ಆದ್ರೆ ಎಲ್ಲಾ ಕಡೆ ಮುಚ್ಚಿದೆ ಅಂತಲೇ ಬಂದಿದೆಯಲ್ಲ."

"ಮಷಿನ್ನು ಓಡ್ತಾ ಇದೆ, ಕೇಳಿ!"

"ಓಡ್ಲಿ ಬಿಡಿ. ಕೋಳಿ ಕತ್ತು ಕೊಯ್ದ ಮೇಲೂ ಸ್ವಲ್ಪ ಹೊತ್ತು ಓಡುತ್ತೆ" ಎಂದರು ನಗೆಕೂಟದ ಕಾರ್ಯದರ್ಶಿ, ಮತ್ತು ಇಬ್ಬರೂ ತಮ್ಮ ತಮ್ಮ ಕಾಗದದ ಕಟ್ಟುಗಳನ್ನು ಅಪ್ಪಿಕೊಂಡು ಹೋದರು. ಅವರು ಹೋದ ಬಾಗಿಲಲ್ಲೇ ಇನ್ನೂ ಮೂವರು ಬಂದರು.

ಮೂಲೆಯಲ್ಲಿ ಬೈಂಡಿಂಗ್ ಮಾಡುವ ಗೋಂದು ತನ್ನ ಅಂಟು ಕೈಗಳನ್ನು ತೊಳೆದುಕೊಳ್ಳುತ್ತಿದ್ದ. ಗೋಂದು ಎಂಬುದು ಅವನ ಅಡ್ಡಹೆಸರು. ಯಾವ ಮಾತು ಬಂದರೂ ಅವನಿಗೆ ತಟ್ಟನೆ ಅಂಟಿಕೊಳ್ಳುತ್ತಿತ್ತು.

"ಕೆಲ್ಸದ ಮಧ್ಯೆ ಕೈ ಯಾಕೋ ತೊಳೀತಿದೀಯ?"

"ಕೈ ತೊಳ್ಕೊಂಡೆ ಅಂತ ತಿಳ್ಕೊ ಪ್ರೂಫಣ್ಣ. 'ಊರ ಕಿವಿ', 'ಝಟ್‌ಪಟ್', ಅದೂ ಅಲ್ದೆ ಆ 'ಅಂಗಡಿಮುಂಗಟ್ಟು' ಅಂತ ಇದೆಯಲ್ಲ, ಊರಿನ ಅಂಗಡಿಗಳ ವಿಳಾಸ ಎಲ್ಲಾ ಹಾಕಿರ್ತಾರಲ್ಲ, ಅದ್ರಲ್ಲೂ ಇದೆ. ಮೂರು ಕಡೆ ಬಂದ್ಮೇಲೆ ಇನ್ನೇನು ಬೇಕು?"

"ಮೂರು ಕಡೆ ಬಂದ್ರೆ ಮೂರು ಸಾಕ್ಷಿ ಅಂತಲ್ಲ ಕಣೋ. ಒಂದೇ ಕರಡನ್ನ ಮೂರು ಜನ ನಕಲು ಮಾಡಿರಬಹುದು."

"ನೀನು ನೋಡ್ತಾ ಕೂತ್ಕೊ. ನಾನು ಹೊಟ್ಟೆಪಾಡು ನೋಡ್ಕೋತೀನಿ" ಎಂದು ಗೋಂದು ಏಪ್ರನ್ನು ಬಿಚ್ಚಿ ಮೊಳೆಗೆ ತೂಗುಹಾಕಿ, ಹಿಂತಿರುಗಿ ನೋಡದೆ ಹೊರಟುಹೋದ.

ಪ್ರೂಫಣ್ಣನ ಫೋನು ಅಂಗಿಯ ಜೇಬಿನಲ್ಲಿ ಸಿಕ್ಕಿಬಿದ್ದ ದುಂಬಿಯಂತೆ ಗುಂಯ್ಗುಡುತ್ತಿತ್ತು. ಹೆಂಡತಿ.

"ರೀ, ಇಲ್ಲಿ ಹಲ್ಲು ಕೀಳಿಸ್ಕೊಂಡೋರೂ ಕೇಳ್ತಿದಾರೆ! ಬಾಯಲ್ಲಿ ಹತ್ತಿ ಇಟ್ಕೊಂಡು 'ಅಂತೆ' ಅಂತಿದಾರೆ. ಕಾರ್ಖಾನೆಗೆ ಫೋನ್ ಮಾಡಿದ್ರಾ?"

"ತನಿಖೆ ನಡೀತಾ ಇದೆ."

"ನಿಮ್ಮ ತನಿಖೆ ಮುಗಿಯೋದ್ರೊಳಗೆ ಕಾರ್ಖಾನೇನೂ ಮುಚ್ಚಿರುತ್ತೆ!"

ಅವನು ಕಿಟಕಿ ಪಕ್ಕದ ತನ್ನ ಕುರ್ಚಿಯಲ್ಲಿ ಕುಳಿತ. ಕುಳಿತರೆ ನಿಲ್ಲಬೇಕೆನಿಸಿತು, ನಿಂತರೆ ಕೂರಬೇಕೆನಿಸಿತು. ಕೊನೆಗೆ ಮೇಜಿಗೆ ಒರಗಿ, ಕೆಂಪು ಪೆನ್ನು ಕೈಯಲ್ಲಿ ಹಿಡಿದು, ಮೂರೂ ಸುದ್ದಿಗಳನ್ನು ಕರಡಿನಂತೆ ಓದತೊಡಗಿದ. ಕೆಂಪು ಪೆನ್ನು ಕೈಯಲ್ಲಿದ್ದರೆ ಅವನ ತಲೆ ನೆಟ್ಟಗಾಗುತ್ತಿತ್ತು. ಮೂರರಲ್ಲೂ ಚಿತ್ರ ಬೇರೆ, ಕಣ್ಣೀರು ಬೇರೆ. ಆದರೆ ಒಂದು ತಪ್ಪು ಮಾತ್ರ ಮೂರರಲ್ಲೂ ಒಂದೇ: 'ಕೆರೆ'.

ಪ್ರೆಸ್ಸು ಇದ್ದದ್ದು ಪೇಟೆಯ ನಡುವೆ. ಕೆರೆಯಿರಲಿ, ಮಳೆ ಬಂದರೆ ನೀರು ನಿಲ್ಲಲೂ ಅಲ್ಲಿ ಜಾಗವಿರಲಿಲ್ಲ. ಮೂವರು ಬೇರೆ ಬೇರೆಯಾಗಿ ಬರೆದಿದ್ದರೆ ಮೂರು ತಪ್ಪು ಬೇರೆ ಬೇರೆಯಾಗಿರಬೇಕಿತ್ತು. ಒಂದೇ ತಪ್ಪು ಮೂರು ಕಡೆ ಇದ್ದರೆ ಮೂಲಪ್ರತಿ ಒಂದೇ. ಅದನ್ನು ಹಿಡಿದರೆ ಕಳ್ಳ ಸಿಕ್ಕಂತೆ!

ಅವನು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಿದ.

'ಊರ ಕಿವಿ'ಯ ಕಚೇರಿ ಎಂದರೆ ಬಸ್‌ಸ್ಟ್ಯಾಂಡಿನ ಹಿಂದೆ ಮೊಬೈಲು ಕವರು ಮಾರುವ ಒಂದು ಗೂಡು. ಅದರ ಒಡೆಯ, ಊರಿನವರ ಬಾಯಲ್ಲಿ ಬರೀ 'ಕಿವಿ', ಒಂದು ಕೈಯಲ್ಲಿ ಯಾರದೋ ಫೋನಿಗೆ ಗಾಜಿನ ಹಾಳೆ ಅಂಟಿಸುತ್ತ, ಇನ್ನೊಂದು ಕೈಯಲ್ಲಿ ಸುದ್ದಿ ಹಾಕುತ್ತಿದ್ದ. ಗಾಜಿನ ಕೆಳಗೆ ಒಂದೇ ಒಂದು ಗಾಳಿಗುಳ್ಳೆಯೂ ನಿಲ್ಲದಂತೆ ಅವನು ತೋರುತ್ತಿದ್ದ ಎಚ್ಚರಿಕೆ ನೋಡಿ ಪ್ರೂಫಣ್ಣನಿಗೆ ಭರವಸೆ ಮೂಡಿತು.

"ಪ್ರೆಸ್ಸಿನ ಸುದ್ದಿಗೆ ಮೂಲ ಯಾವುದು?"

"ಮೂಲ ಅಂದ್ರೆ?"

"ಅಂದ್ರೆ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸಾರ್. ಓದಿದೆ. 'ಅಂಗಡಿಮುಂಗಟ್ಟು'ಲಿ ಕೆಂಪಕ್ಷರದಲ್ಲಿ ಬಂದಿತ್ತು. ಕೆಂಪಲ್ಲಿ ಬಂದ್ರೆ ನಿಜ ಇರುತ್ತೆ."

"ಹೋಗಿ ನೋಡಿದ್ರಾ?"

"ಪ್ರೆಸ್ಸು ಮುಚ್ಚಿದೆ ಅಂದ್ಮೇಲೆ ಹೋಗಿ ಏನು ನೋಡ್ಲಿ? ಬಾಗಿಲು ಹಾಕಿರುತ್ತೆ" ಎಂದು ಕಿವಿ ಬಲು ನ್ಯಾಯವಾಗಿ ಕೇಳಿದ.

"ಸರಿ, ಆ 'ಅಂಗಡಿಮುಂಗಟ್ಟು' ನಡೆಸೋರು ಯಾರು?"

"ಅದಕ್ಕೆ ಯಾರೂ ಇಲ್ಲ ಸಾರ್. ಅದು ತಾನೇ ತಾನಾಗಿ ನಡೆಯುತ್ತೆ. 'ದಾರಿಗುರು' ನಕ್ಷೆ ಇದೆಯಲ್ಲ, ಅದ್ರಲ್ಲಿ ಏನು ಬದಲಾದ್ರೂ ಇದ್ರಲ್ಲಿ ಬಂದ್ಬಿಡುತ್ತೆ."

ದಾರಿಗುರು ಎಂಬ ಹೆಸರು ಕೇಳಿದ್ದೇ ಪ್ರೂಫಣ್ಣ, "ತೆಗೀರಿ ನೋಡೋಣ" ಎಂದು ಗೂಡಿನೊಳಗೆ ತಲೆ ತೂರಿಸಿದ.

ಕಿವಿ ನಕ್ಷೆ ತೆರೆದು ಬೆರಳಿನಿಂದ ಹಿಗ್ಗಿಸಿದ. ಊರಿನ ಕೆರೆ ನೀಲಿಯಾಗಿ ಅಗಲವಾಯಿತು. ಅದರ ನಡುನೀರಿನಲ್ಲಿ ಪ್ರೆಸ್ಸಿನ ಹೆಸರು, ಅದರ ಕೆಳಗೆ ಕೆಂಪಕ್ಷರದಲ್ಲಿ 'ಶಾಶ್ವತವಾಗಿ ಮುಚ್ಚಿದೆ'. "ನೋಡಿ, ಇಲ್ಲೇ ಇದೆ. ನೀರೊಳಗೆ ಅಂತ ಬರೆದ್ರೆ ಜನ ನಗ್ತಾರಲ್ಲ, ಅದಕ್ಕೆ ನಾನೇ ದಂಡೆಗೆ ತಂದೆ. ಮಾಹಿತಿ ಕೊಟ್ಟೋರ ಫೋಟೋನೂ ಇದೆ. ಅಲಲಾ! 'ನಂಬಿಕಸ್ತ ಸ್ಥಳೀಯರು' ಅಂತ ಬಿರುದು ಬೇರೆ."

ಗುಂಡನೆಯ ಸಣ್ಣ ಚಿತ್ರ. ಅದರಲ್ಲಿ ಒಬ್ಬ ಗಂಡಸು, ಪಕ್ಕದಲ್ಲಿ ಕತ್ತರಿಸಿಹೋದ ಯಾವುದೋ ಹೆಂಗಸಿನ ಅರ್ಧ ಕಿವಿ ಮತ್ತು ಒಂದು ಓಲೆ. ಆ ಓಲೆಯನ್ನು ಕೊಡಿಸಿದವನು ಪ್ರೂಫಣ್ಣ. ಆ ಗಂಡಸೂ ಪ್ರೂಫಣ್ಣನೇ.

ಎಲ್ಲ ನೆನಪಾಯಿತು. ಹಿಂದಿನ ಭಾನುವಾರ ಮಾಡಲು ಕೆಲಸವಿಲ್ಲದೆ ಅವನು ನಕ್ಷೆಯಲ್ಲಿ ತಮ್ಮ ಪ್ರೆಸ್ಸನ್ನು ಹುಡುಕಿದ್ದ. ಎರಡು ಕಂಡವು. ಒಂದು ಪೇಟೆಯಲ್ಲಿ ಸರಿಯಾದ ಜಾಗದಲ್ಲಿ, ಇನ್ನೊಂದು ಯಾರ ಪ್ರಮಾದದಿಂದಲೋ ಕೆರೆಯ ನಡುವೆ. ಒಂದೇ ಸಾಲು ಎರಡು ಸಲ ಅಚ್ಚಾಗಿದ್ದರೆ ಹೆಚ್ಚಿನದನ್ನು ಹೊಡೆದುಹಾಕದೆ ಬಿಡುವ ಕೈ ಅವನದಲ್ಲ. ಕೆರೆಯದನ್ನು ಒತ್ತಿದಾಗ ನಕ್ಷೆ ಕೇಳಿತ್ತು: ಈ ಸಂಸ್ಥೆ ತಾತ್ಕಾಲಿಕವಾಗಿ ಮುಚ್ಚಿದೆಯೇ, ಶಾಶ್ವತವಾಗಿ ಮುಚ್ಚಿದೆಯೇ? ಇಲ್ಲಿ ಇರಲೇ ಇಲ್ಲ ಎನ್ನಲು ಜಾಗವಿರಲಿಲ್ಲ. ಮೀನುಗಳು ಪ್ರೆಸ್ ನಡೆಸುವುದುಂಟೇ ಎಂದು ನಗುತ್ತ ಅವನು ಎರಡನೆಯದನ್ನು ಒತ್ತಿ, ಒಂದು ತಪ್ಪು ತಿದ್ದಿದ ತೃಪ್ತಿಯಲ್ಲಿ ಮಧ್ಯಾಹ್ನದ ನಿದ್ದೆ ಮಾಡಿದ್ದ.

"ಸಾರ್, ಈ ಫೋಟೋ ನಿಮ್ಮ ಥರಾನೇ ಇದೆ" ಎಂದ ಕಿವಿ.

"ಒಬ್ಬರ ಥರ ಏಳು ಜನ ಇರ್ತಾರೆ" ಎಂದು ಪ್ರೂಫಣ್ಣ ಹೇಳಿದರೂ, ಅವನ ಎದೆಯೊಳಗೆ ಹಬ್ಬ. ಮೂಲಪ್ರತಿ ಸಿಕ್ಕಿತ್ತು! ಸುದ್ದಿ ಸುಳ್ಳು! ಸುಳ್ಳು ತನ್ನದೇ ಆದರೂ ಸುಳ್ಳು ಸುಳ್ಳೇ. ಕೆಲಸ ಎಲ್ಲಿಗೂ ಹೋಗಿಲ್ಲ, ಕಿಟಕಿ ಪಕ್ಕದ ಕುರ್ಚಿ ಕಿಟಕಿ ಪಕ್ಕದಲ್ಲೇ ಇದೆ.

ಅವನು ಮೊದಲು ತನ್ನ ಫೋನು ತೆಗೆದು, ನಕ್ಷೆಯಲ್ಲಿ ತಾನು ಕೊಟ್ಟ ಮಾಹಿತಿಯನ್ನು ಹೆಸರೂ ಚಿತ್ರವೂ ಉಳಿಯದಂತೆ ಅಳಿಸಿದ. ಮತ್ತೆ ಮತ್ತೆ ತೆರೆದು, ಅದು ಅಳಿದಿದೆಯೆಂದು ಖಚಿತಪಡಿಸಿಕೊಂಡ. ಆಮೇಲೆ ಕಿವಿಯ ಹಿಂದೆ ಬಿದ್ದ.

"ಈಗಿಂದೀಗ್ಲೇ ತಿದ್ದುಪಡಿ ಹಾಕಿ."

"ಹಾಕಿದ ಸುದ್ದೀನ ತಿದ್ದೋ ಪದ್ಧತಿ ನಮ್ಮಲ್ಲಿಲ್ಲ ಸಾರ್. ಹಳೇದಾದ್ಮೇಲೆ ತಾನೇ ಕೆಳಗೆ ಹೋಗುತ್ತೆ."

"ನಾನು ಪ್ರೆಸ್ಸಿನೋನು. ಬೆಳಿಗ್ಗೆ ಕಣ್ಣಾರೆ ಮಷಿನ್ನು ನೋಡಿ ಬಂದಿದೀನಿ. ಇದಕ್ಕಿಂತ ದೊಡ್ಡ ಮೂಲ ನಿಮಗೆಲ್ಲಿ ಸಿಗುತ್ತೆ?"

ವಾದ, ಅನುನಯ, ಬೇಡವಾದ ಎರಡು ಮೊಬೈಲು ಕವರುಗಳ ಖರೀದಿ ಇಷ್ಟಾದ ಮೇಲೆ ಕಿವಿ ಕರಗಿದ. ಪ್ರೂಫಣ್ಣನನ್ನು ಗೂಡಿನ ಮುಂದೆ ನಿಲ್ಲಿಸಿ ಚಿತ್ರ ತೆಗೆದ. ತಿದ್ದುಪಡಿಯ ಒಂದೊಂದು ಅಕ್ಷರವನ್ನೂ ಪ್ರೂಫಣ್ಣ ನಿಂತು ಹೇಳಿ ಬರೆಸಿದ: 'ಪ್ರೆಸ್ ಮುಚ್ಚಿಲ್ಲ, ಮುಚ್ಚುವುದೂ ಇಲ್ಲ. ಸ್ವತಃ ಪ್ರೂಫ್‌ರೀಡರ್ ಸ್ಪಷ್ಟನೆ. ಓದುಗರು ಗಾಳಿಸುದ್ದಿ ನಂಬಬಾರದು.' ಅಷ್ಟರಲ್ಲಿ ಊರಿನ ನೆರಳುಗಳೆಲ್ಲ ಪೂರ್ವಕ್ಕೆ ಉದ್ದವಾಗಿದ್ದವು.

ಬಸ್‌ಸ್ಟ್ಯಾಂಡಿನ ಕಂಬವೊಂದಕ್ಕೆ ಒರಗಿ ಅವನು ಕಾರ್ಖಾನೆಗೆ ಫೋನು ಮಾಡಿದ. ಜನ್ಮದಲ್ಲಿ ಅಷ್ಟು ಗಂಭೀರವಾಗಿ ಅವನೆಂದೂ ಮಾತಾಡಿರಲಿಲ್ಲ.

"ಸಾರ್, ನಿಮ್ಮ ಕೆಲಸ ನನಗೆ ಬೇಡ. ನಮ್ಮ ಪ್ರೆಸ್ಸು ಗಟ್ಟಿಯಾಗಿದೆ. ಅನುಮಾನ ಇದ್ರೆ 'ಊರ ಕಿವಿ' ನೋಡಿ."

"ನೋಡ್ದೆ ನೋಡ್ದೆ, ಈಗಷ್ಟೇ ಬಂತು. ಒಳ್ಳೇದಾಗ್ಲಿ" ಎಂದರು ಆ ಕಡೆಯವರು.

ತಲೆಯ ಮೇಲಿನ ಬಂಡೆ ಇಳಿದಂತಾಗಿ, ಪ್ರೂಫಣ್ಣ ಶಿಳ್ಳೆ ಹಾಕುತ್ತ ಪ್ರೆಸ್ಸಿಗೆ ಹಿಂತಿರುಗಿದ. ಎರಡು ಹೆಜ್ಜೆ ಒಳಗಿಟ್ಟ ಮೇಲೆ ಅವನಿಗೆ ಏನೋ ಕೊರತೆ ಕಂಡಿತು. ಕಟಕಟ ಸದ್ದಿರಲಿಲ್ಲ. ಅಪರಿಚಿತರಿಬ್ಬರು ಟೇಪು ಹಿಡಿದು ಮಷಿನ್ನಿನ ಉದ್ದಗಲ ಅಳೆಯುತ್ತಿದ್ದರು, ಸತ್ತವರಿಗೆ ಅಳತೆ ತೆಗೆಯುವವರ ಹಾಗೆ. ಯಜಮಾನರು ತಮ್ಮ ಕುರ್ಚಿಯಲ್ಲಿ ಕಣ್ಣೊರೆಸಿಕೊಳ್ಳುತ್ತ, ನಗುತ್ತ ಕೂತಿದ್ದರು.

"ಬಾರಯ್ಯಾ ಪ್ರೂಫು! ಬೆಳಿಗ್ಗೆಯಿಂದ ಫೋನ್ ಕೆಳಗಿಟ್ಟಿಲ್ಲ ಕಣಯ್ಯಾ. ಇಷ್ಟು ವರ್ಷ ಪ್ರೆಸ್ ನಡೆಸಿದೆ, ಒಬ್ರಾದ್ರೂ ಒಳ್ಳೆ ಮಾತಾಡಿದ್ರಾ? ಕಾರ್ಡ್ ಲೇಟು, ಬಣ್ಣ ಪೇಲವ, ಬರೀ ಬೈಗುಳ. ಇವತ್ತು ನೋಡು! ತುಂಬಲಾರದ ನಷ್ಟ ಅಂತೆ. ಒಬ್ರು ಫೋನಲ್ಲೇ ಅತ್ತುಬಿಟ್ರು. ನನ್ನ ಷಡ್ಡಕ ಕೂಡ ಹೊಗಳಿದ!"

"ಆದ್ರೆ ಸಾರ್, ಆ ಸುದ್ದಿ ಸುಳ್ಳು! ನಾನು ಪತ್ತೆ ಮಾಡಿ..."

"ಸುಳ್ಳು ಅಂತ ನಂಗೊತ್ತಿಲ್ವೇನಯ್ಯಾ? ಪ್ರೆಸ್ಸು ನಂದು. ಆದ್ರೆ ಇಷ್ಟೆಲ್ಲಾ ಒಳ್ಳೆ ಮಾತು ಹೇಳಿಸ್ಕೊಂಡ ಮೇಲೆ 'ಇಲ್ಲ, ಇನ್ನೂ ನಡೀತಿದೆ' ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ಅದೂ ಅಲ್ದೆ ಇದ್ದ ಗಿರಾಕಿಗಳೆಲ್ಲಾ ಮಧ್ಯಾಹ್ನದೊಳಗೆ ಕಾಗದ ವಾಪಸ್ ತಗೊಂಡು ಹೋದ್ರು. ಸುದ್ದಿ ಓದಿ ಇವರು ಬಂದ್ರು, ಮಷಿನ್ನು ಕೊಡ್ತೀರಾ ಅಂದ್ರು. ಕೊಟ್ಟೆ. ಹೇಗಿದ್ರೂ ಒಂದಿನ ಮುಚ್ಚೋದೇ, ಇದಕ್ಕಿಂತ ಮರ್ಯಾದೆ ಸಿಗುತ್ತಾ?"

ಪ್ರೂಫಣ್ಣ ಹತ್ತಿರವಿದ್ದ ಕಾಗದದ ರಾಶಿಯ ಮೇಲೆ ಕುಸಿದ. ಯಜಮಾನರು ಮುಂದಕ್ಕೆ ಬಾಗಿ ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು.

"ಇನ್ನೊಂದು ವಿಷ್ಯ. ಒಂದೇ ಸುದ್ದಿ, ಬೆಳಗಾಗೋದ್ರೊಳಗೆ ಊರನ್ನೇ ಅಲ್ಲಾಡಿಸ್ತು. ನಾವು ಅಚ್ಚು ಹಾಕಿದ್ದನ್ನ ಯಾರಾದ್ರೂ ಇಷ್ಟು ಓದಿದಾರಾ? ಅದಕ್ಕೇ ನಾನೂ ಫೋನಲ್ಲಿ ಬರೋ ಸುದ್ದಿಪುಟ ಶುರು ಮಾಡ್ತಿದೀನಿ. ಕಾಗದ ಬೇಡ, ಶಾಯಿ ಬೇಡ. ಈ ಸುದ್ದಿ ಹಬ್ಬಿಸಿದ ಪುಣ್ಯಾತ್ಮ ಯಾರೋ, ಅವನೇ ನಮ್ಮ ಸಂಪಾದಕ ಅಂತ ತೀರ್ಮಾನ ಮಾಡಿದೆ."

ಪ್ರೂಫಣ್ಣ ಸ್ಪ್ರಿಂಗಿನಂತೆ ಎದ್ದು ನಿಂತ. "ನಾನೇ ಸಾರ್! ನಾನೇ ಹಬ್ಬಿಸಿದ್ದು!"

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀನಾ? ಮೂಲಪ್ರತಿ ಇಲ್ದೆ ಕೆಮ್ಮೋನೂ ಅಲ್ಲ ನೀನು!"

"ನಿಜ ಸಾರ್! ನಕ್ಷೇಲಿ ನನ್ನ ಫೋಟೋ ಸಮೇತ..." ಎಂದು ಫೋನು ತೆಗೆದವನು ಅಲ್ಲೇ ನಿಂತ. ಕೆರೆ ಸ್ವಚ್ಛ ನೀಲಿಯಾಗಿತ್ತು. ಅದರಲ್ಲಿ ಮೀನಿನ ಹೊರತು ಏನೂ ಇರುವಂತೆ ಕಾಣಲಿಲ್ಲ.

"ಫೋಟೋ ನೋಡಿದೀನಪ್ಪಾ" ಎಂದರು ಯಜಮಾನರು, ತಮ್ಮ ಫೋನನ್ನು ಅವನ ಮುಖಕ್ಕೆ ಹಿಡಿದು. "ಈಗಷ್ಟೇ ಬಂತು. 'ಪ್ರೆಸ್ ಮುಚ್ಚಿಲ್ಲ, ಮುಚ್ಚುವುದೂ ಇಲ್ಲ.' ನಾನು ಮಷಿನ್ನು ಮಾರ್ತಾ ಕೂತಿದೀನಿ, ನೀನು ಊರಿಗೆಲ್ಲಾ ಸುಳ್ಳು ಹೇಳ್ತಿದೀಯ. ಇರ್ಲಿ, ಅಭಿಮಾನ ಅಂತ ತಿಳ್ಕೊಂಡೆ. ಸಂಪಾದಕರು ಆಗ್ಲೇ ಬಂದು ಒಪ್ಕೊಂಡು ಹೋದ್ರು. ನಿಮ್ಮ ಮೇಲ್ಮನೆ ಅತ್ತೆ. 'ಬೆಳಿಗ್ಗೆ ಬೀದಿಗೆಲ್ಲಾ ಹೇಳಿದ್ದು ನಾನೇ' ಅಂದ್ರು. ಏನು ವೇಗ, ಏನು ಗಂಟಲು! ನಿನ್ನನ್ನೂ ಕರ್ಕೋತಿದ್ದೆ ಕಣಯ್ಯಾ. ಆದ್ರೆ ನೀನು ಬೆರಳಿಟ್ಟು ಒಂದು ಸಾಲು ನೋಡೋದ್ರೊಳಗೆ ಸುದ್ದಿ ಹಳಸಿ ಹೋಗುತ್ತೆ."

ಪ್ರೂಫಣ್ಣ ಹೊರಗೆ ಬಂದು ಕಾರ್ಖಾನೆಗೆ ಫೋನು ಮಾಡಿದ. ಪುಣ್ಯಕ್ಕೆ ಅವರು ಇನ್ನೂ ಬಾಗಿಲು ಹಾಕಿರಲಿಲ್ಲ.

"ಸಾರ್, ಆಗ ಹೇಳಿದ್ದು... ನಾನು ಬರ್ತೀನಿ ಸಾರ್. ನಾಳೆಯಿಂದ್ಲೇ."

"ಅಯ್ಯೋ, ನೀವು ಬೇಡ ಅಂದ ತಕ್ಷಣ ಇನ್ನೊಬ್ರಿಗೆ ಹೂಂ ಅಂದ್ಬಿಟ್ವಲ್ಲ. ನಿಮ್ಮ ಪ್ರೆಸ್ಸಿನೋರೇ. ಬೆಳಿಗ್ಗೆಯಿಂದ ನಮ್ಮ ಬಾಗಿಲಲ್ಲೇ ಅಂಟ್ಕೊಂಡು ಕೂತಿದ್ರು."

"ಗೋಂದಾ? ಅವನು ಬೈಂಡರು ಸಾರ್! ಅವನಿಗೆ ತಿದ್ದೋಕೆ ಬರಲ್ಲ!"

"ಕಲೀತಾರೆ ಬಿಡಿ. ಆದ್ರೂ ನಿಮಗ್ಯಾಕೆ ಈಗ ಕೆಲ್ಸ? ಪ್ರೆಸ್ಸು ಗಟ್ಟಿಯಾಗಿದೆ ಅಂತ ನೀವೇ ಬರ್ಸಿದೀರಲ್ಲ!"

ಪ್ರೂಫಣ್ಣ ತಲೆ ತಗ್ಗಿಸಿ ಮನೆಯ ದಾರಿ ಹಿಡಿದ. ಆದರೆ ಬೀದಿ ಅವನಿಗಾಗಿಯೇ ಕಾದಿತ್ತು. ಹಾಲಿನಂಗಡಿಯವನು ಕೈ ಬೀಸಿ, "ಕೆಲ್ಸ ಉಳೀತಂತಲ್ಲಣ್ಣ! ತಿಂಗಳಿಗೇ ಕೊಡಿ, ಪರವಾಗಿಲ್ಲ!" ಎಂದು ಕೂಗಿದ. ಕ್ಷೌರದಂಗಡಿಯವನು ಹೊರಗೆ ಬಂದು ಅಪ್ಪಿಕೊಂಡ. ಅವನ ಹೆಗಲಿನ ಮೇಲಿನಿಂದ ಯಾರದೋ ಕೂದಲು ಪ್ರೂಫಣ್ಣನ ಅಂಗಿಗೆ ಅಂಟಿತು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಮುಖ ಎಷ್ಟೋ ದಿನದ ಮೇಲೆ ಅಷ್ಟು ತಿಳಿಯಾಗಿತ್ತು.

"ಓದಿದೆ ರೀ. ಆಸ್ಪತ್ರೇಲಿ ಎಲ್ರಿಗೂ ತೋರಿಸ್ದೆ. ಡಾಕ್ಟ್ರು ಕೂಡ ಹಲ್ಲು ಕೊರೆಯೋದು ನಿಲ್ಲಿಸಿ ಓದಿದ್ರು. ಫೋಟೋನೂ ಚೆನ್ನಾಗಿ ಬಂದಿದೆ, ಕಿವಿಯಿಂದ ಪೆನ್ನೊಂದು ತೆಗೀಬೇಕಿತ್ತು" ಎಂದು ಅವನ ಕಿವಿಯಿಂದ ಕೆಂಪು ಪೆನ್ನನ್ನು ತಾನೇ ತೆಗೆದಳು. "ಬೆಳಿಗ್ಗೆ ನಾನು ಅಷ್ಟು ಅಂದಿದ್ದು ತಪ್ಪಾಯ್ತು. ನೀವು ಹೇಳೋದೇ ಸರಿ. ಎಲ್ರೂ ಬಡ್ಕೊಂಡ್ರೂ ಸುಮ್ನೆ ನಂಬಬಾರ್ದು, ಎಲ್ಲಿಂದ ಬಂತು ಅಂತ ಕೇಳ್ಬೇಕು."

ಪ್ರೂಫಣ್ಣ ಕುರ್ಚಿಯ ತುದಿಯಲ್ಲಿ ಕುಳಿತ. ನೀರು ಕೊಟ್ಟಳು, ಕುಡಿದ. ಇನ್ನೊಂದು ಲೋಟ ಕೊಟ್ಟಳು, ಅದನ್ನೂ ಕುಡಿದ. ಆಮೇಲೆ ನೆಲ ನೋಡುತ್ತ ಹೇಳಿದ:

"ಪ್ರೆಸ್ಸು ಮುಚ್ತು ಕಣೇ."

ಅವಳು ನಕ್ಕು, ಪಕ್ಕದಲ್ಲೇ ಕುಳಿತು, ಫೋನಿಗೆ ಕೈಚಾಚಿದಳು.

"ಯಾವುದ್ರಲ್ಲಿ ಬಂದಿದೆ? ಎಲ್ಲಿ, ತೋರ್ಸಿ."